ಮರುದ ಮರದ ಕೆಳಗಿನ ಕೈ

ಮಗಳು ಇಲಕ್ಕಿಯಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಸ್ಕೂಲ್ ವ್ಯಾನ್ ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ತಿಣ್ಣೆಯ ಕೆಳಗಿನ ಮೆಟ್ಟಿಲಲ್ಲಿ ಅವಳು, ಮೇಲಿನದರಲ್ಲಿ ನಾನು. ಆಗ ಅವಳಿಗೆ ಏಳು ವರ್ಷ. ಕೂದಲು ಮಾತ್ರ ಹದಿನೈದರ ಹುಡುಗಿಯಷ್ಟು. ಎಡ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ಬಲಗೈ ಬೆರಳನ್ನು ಅದರಲ್ಲಿ ಅದ್ದಿ ಅದ್ದಿ ಬೈತಲೆಗೆ ಹಚ್ಚುವುದು ನನ್ನ ಅಭ್ಯಾಸ. ಅಷ್ಟರಲ್ಲಿ ಹಿತ್ತಲ ಶೆಡ್ಡಿನಿಂದ ಮಾವ ಕೂಗಿದರು.

"ಸರಣ್ಯಾ! ಕಲ್ಲು ಎತ್ತಬೇಕು, ಬಾ."

"ಕೆಲಸಕ್ಕೆ ಸೆಲ್ಲಪ್ಪಣ್ಣ ಬರಲಿಲ್ವಾ ಮಾವ?"

"ಅವನು ಬಂದಿದ್ರೆ ನಿನ್ನ ಯಾಕೆ ಕರೀತೀನಿ? ನಿನ್ನ ಮುಖ ನೋಡೋಕಾ?"

ಇಲಕ್ಕಿಯಾ ಕಿಸಕ್ಕನೆ ನಕ್ಕಳು. "ಅಲುಗಾಡಬೇಡ ನನ್ನ ಕಣ್ಣು, ಈಗ ಬಂದೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಓಡಿದೆ.

ಶೆಡ್ಡಿನ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಬಟ್ಟೆ ಸೋಪು ಯಾವಾಗಲೂ ಇರುತ್ತಿತ್ತು. ಒಳಗೆ ಕಾಲಿಡುವವರು ಮೊಣಕೈವರೆಗೆ ತೊಳೆದುಕೊಳ್ಳಬೇಕು. ಹನ್ನೊಂದು ವರ್ಷ ಆ ಮನೆಯಲ್ಲಿದ್ದು ಒಂದು ದಿನವೂ ನಾನು ಅದನ್ನು ಮರೆತಿರಲಿಲ್ಲ. ಅವತ್ತು ಮಾವ ಆಗಲೇ ಕಲ್ಲಿನ ಒಂದು ತುದಿ ಹಿಡಿದು ಬಗ್ಗಿ ನಿಂತಿದ್ದರು, "ಬೇಗ, ಬೇಗ" ಎನ್ನುತ್ತಿದ್ದರು. ನಾನು ಬಕೆಟ್ ದಾಟಿಕೊಂಡು ಹೋಗಿ ಇನ್ನೊಂದು ತುದಿ ಹಿಡಿದೆ.

ನಲವತ್ತು ಕಿಲೋ ಇರಬಹುದು, ಮಾವ ಚಿತ್ರ ಬರೆದಿದ್ದ ಆ ಕಲ್ಲು. ಬರೆಯುವ ಮೇಜಿನಿಂದ ಕಿಟಕಿ ಹತ್ತಿರದ ಕಟ್ಟೆಗೆ ನಾಲ್ಕು ಹೆಜ್ಜೆ. ಮೂರನೆಯ ಹೆಜ್ಜೆಯಲ್ಲಿ ಮಾವನ ಕೈ ಸೋತು ಕಲ್ಲು ಅವರ ಕಡೆಗೆ ವಾಲಿತು. ಬಿದ್ದಿದ್ದರೆ ಅವರ ಪಾದದ ಮೇಲೆ. ನಾನು ತೊಡೆಯಿಂದ ಅಡ್ಡ ಕೊಟ್ಟು, ಎಡ ಅಂಗೈಯನ್ನು ಕಲ್ಲಿನ ಮುಖದ ಮೇಲೆ ಒತ್ತಿ ತಡೆದೆ. ಹೇಗೋ ಕಟ್ಟೆ ಮೇಲೆ ಇಟ್ಟೆವು. ಮಾವ ಮಂಡಿ ಮೇಲೆ ಕೈಯೂರಿ, ನೆಲ ನೋಡುತ್ತಾ ಏದುಸಿರು ಬಿಡುತ್ತಿದ್ದರು. ನಾನು ಕೈ ತೆಗೆದೆ. ಕಲ್ಲಿನ ಮೇಲೆ ಕೈಯ ಗುರುತೇನೂ ಕಾಣಲಿಲ್ಲ.

"ಆಯ್ತು, ಹೋಗು" ಎಂದರು ಮಾವ.

ತಿರುಗಿದರೆ ಬಾಗಿಲಲ್ಲಿ ಇಲಕ್ಕಿಯಾ, ಬಿಚ್ಚಿದ ಕೂದಲು ಮುಖದ ತುಂಬ, ಕೈಯಲ್ಲಿ ರಿಬ್ಬನ್ನು. "ಅಮ್ಮಾ, ವ್ಯಾನ್ ಬಂದುಬಿಡುತ್ತೆ." ಅವಳನ್ನು ಕರೆದುಕೊಂಡು ಹೋಗಿ ಎರಡು ಜಡೆ ಹಾಕಿದೆ.

ಮಾವನ ಹೆಸರು ಚೆನ್ನಿಯಪ್ಪನ್. ಕೊಯಮತ್ತೂರಿನ ಮಿಲ್ಲುಗಳ ಬಟ್ಟೆ ಮೂಟೆಗೆ ಅಂಟಿಸುವ ಬಣ್ಣದ ಚೀಟಿಗಳಿಗೆ ಕಲ್ಲಿನ ಮೇಲೆ ಗಿಳಿ, ಆನೆ, ಮಾವಿನಗೊಂಚಲು ಬರೆಯುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದವರು. ಹೊಸ ಯಂತ್ರ ಬಂದು ಆ ಪ್ರೆಸ್ಸು ಮುಚ್ಚಿದಾಗ, ಎಸೆಯಲು ಹಾಕಿದ್ದ ಆರು ಕಲ್ಲು, ಒಂದು ಕೈ ಪ್ರೆಸ್ಸನ್ನು ಲಾರಿಯಲ್ಲಿ ನಮ್ಮೂರು ಮಡತ್ತುಕುಳಕ್ಕೆ ತಂದು ಹಿತ್ತಲಲ್ಲಿ ಶೆಡ್ಡು ಕಟ್ಟಿದರು. ನಮ್ಮ ಬೀದಿಯಲ್ಲಿ ಉಳಿದ ಮನೆಗಳಲ್ಲೆಲ್ಲ ಮಗ್ಗ. ನಮ್ಮದರಲ್ಲಿ ಮಾತ್ರ ಕಲ್ಲು. ಅಮರಾವತಿ ಹೊಳೆಯ ದಂಡೆಯಲ್ಲಿ ಕೂತು ನೋಡಿ ಬರುವುದು, ಮನೆಗೆ ಬಂದು ಕಲ್ಲಿನ ಮೇಲೆ ಬರೆಯುವುದು. ಆ ಸಲದ ಚಿತ್ರ ಒಂದು ಮರುದ ಮರ. ಮನೆಯಲ್ಲಿ ನಾವು ಕನ್ನಡ ಆಡಿದರೂ ಮರಕ್ಕೆ ಇಲ್ಲಿನ ತಮಿಳು ಹೆಸರೇ, ಕರ್ನಾಟಕದ ಕಡೆ ಇದನ್ನು ನೀರುಮತ್ತಿ ಅನ್ನುತ್ತಾರಂತೆ. ದಂಡೆ ಕುಸಿದು ಬೇರೆಲ್ಲ ಹೊರಬಂದ ಮುದಿಮರ, ಅದರ ಕೆಳಗೆ ನಿಂತ ನೀರು. ಹನ್ನೊಂದು ವಾರ ಬರೆದಿದ್ದರು. ನೀರಿನ ಭಾಗಕ್ಕೇ ಮೂರು ವಾರ.

ಆ ಕಲ್ಲಿಗೆ ಜಿಡ್ಡು ಅಂದರೆ ಪ್ರಾಣ. ಜಿಡ್ಡಿನ ಕಡ್ಡಿಯಲ್ಲೇ ಅದರ ಮೇಲೆ ಬರೆಯುವುದು. ಜಿಡ್ಡು ತಾಗಿದ ಕಡೆ ಶಾಯಿ ಹಿಡಿಯುತ್ತದೆ, ತಾಗದ ಕಡೆ ನೀರು ನಿಂತು ಶಾಯಿಯನ್ನು ದೂರ ಇಡುತ್ತದೆ. ಗೋಂದು, ಆಸಿಡ್ಡು ಸವರಿ ಒಂದು ದಿನ ಬಿಟ್ಟು, ಟರ್ಪೆಂಟೈನಿನಲ್ಲಿ ಒರೆಸಿದರೆ ಚಿತ್ರವೇ ಮಾಯವಾಗುತ್ತದೆ. ಆಮೇಲೆ ಶಾಯಿಯ ರೋಲರ್ ಉರುಳಿಸಿದರೆ ಎಲ್ಲವೂ ಮತ್ತೆ ಏಳುತ್ತದೆ. ಬರೆದದ್ದೂ ಏಳುತ್ತದೆ, ಬರೆಯದೆ ತಾಗಿದ್ದೂ ಏಳುತ್ತದೆ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲ ಪಾಠ ಆಗಿತ್ತು. ಇಲಕ್ಕಿಯಾ ಎರಡು ವರ್ಷದವಳಿದ್ದಾಗ, ಪೊಂಗಲ್ ಮೊದಲು ಮನೆ ತೊಳೆಯುವಾಗ, ಗೋಂದು ಒಣಗಿ ಹಳದಿಯಾಗಿದ್ದ ಕಲ್ಲೊಂದನ್ನು ಕೊಳೆ ಅಂದುಕೊಂಡು ಸೋಪು ಹಾಕಿ ಉಜ್ಜಿಬಿಟ್ಟಿದ್ದೆ. ಒಳಗೆ ಹದಿನೈದು ದಿನದ ಚಿತ್ರ ಇತ್ತು. ಮಾವ ಬೈಯಲಿಲ್ಲ. ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ತಿಣ್ಣೆ ಮೇಲಿಟ್ಟು, "ಕಿಣತ್ತುಕಡವಿಗೆ ಹೋಗು. ಕರೆದಾಗ ಬಾ. ಮಗು ಇಲ್ಲೇ ಇರಲಿ" ಎಂದರು. ನನ್ನ ಗಂಡ ಮೋಹನ್‌ರಾಜ್ ಬಸ್ ಹತ್ತಿಸಿ ಬಂದ. ತವರಲ್ಲಿ ಏಳು ತಿಂಗಳಿದ್ದೆ. ವಾಪಸ್ಸು ಬಂದಾಗ ಮಗು ನನ್ನ ನೋಡಿ ಅತ್ತೆಯ ಸೆರಗಿನ ಹಿಂದೆ ಅಡಗಿತು. ಅತ್ತೆ ಮರುವರ್ಷ ತೀರಿಹೋದರು.

ಕಲ್ಲಿನ ಮೇಲೆ ಕೈ ಇಟ್ಟ ದಿನವಿಡೀ, ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ, ಹೇಳಿಬಿಡಲಾ ಅಂದುಕೊಂಡೆ. ಆಸಿಡ್ಡು ಸವರುವ ಮೊದಲೇ ಹೇಳಿದ್ದರೆ ಅವರು ಏನಾದರೂ ಉಪಾಯ ಮಾಡುತ್ತಿದ್ದರೋ ಏನೋ. ಸೆರಗಿಗೆ ಒರೆಸಿದ್ದೆ, ಏನೂ ಆಗಿರಲಿಕ್ಕಿಲ್ಲ ಎಂದೂ ಅಂದುಕೊಂಡೆ. ಸಂಜೆ ಕಾಫಿ ಕೊಡಲು ಹೋದಾಗ ಅವರು ಬ್ರಷ್ಷು ತೊಳೆಯುತ್ತಿದ್ದರು. ಗೋಂದು ಆಗಲೇ ಒಣಗುತ್ತಿತ್ತು.

ಮಾರನೆಯ ದಿನ ಇಲಕ್ಕಿಯಾ ಸ್ಕೂಲಿಂದ ಬಂದು ಶೂ ಬಿಚ್ಚುತ್ತಿದ್ದಳು. ಮಾವ ಶೆಡ್ಡಿನಿಂದ ಕೂಗಿದರು, "ಇಬ್ಬರೂ ಬನ್ನಿ."

ಹೋದೆವು. ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ಮರ ಎದ್ದಿತ್ತು, ಬೇರುಗಳು ಎದ್ದಿದ್ದವು. ಬೇರಿನ ಕೆಳಗೆ ನೀರಿನ ನಡುವೆ ಒಂದು ಕೈ ಎದ್ದಿತ್ತು. ಅಂಗೈಯ ಬುಡ, ಹೆಬ್ಬೆರಳು, ನಾಲ್ಕು ಬೆರಳು. ಎಣ್ಣೆ ಹರಡಿದ್ದರಿಂದ ಅಂಚು ಮಸುಕಾಗಿತ್ತು. ಆದರೆ ಕೈ ಅಲ್ಲ ಅನ್ನುವ ಹಾಗಿರಲಿಲ್ಲ.

"ಕೆರೆದು ತೆಗೆದರೆ ನೀರೂ ಹೋಗುತ್ತೆ" ಎಂದರು ಮಾವ. ಅವರ ದನಿ ಮೆತ್ತಗಿತ್ತು. ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ನೀನು ಏನಾದ್ರೂ ಹೇಳಬೇಕಾ ಸರಣ್ಯಾ?"

ನನ್ನ ಬಟ್ಟೆಯ ಚೀಲ ತಿಣ್ಣೆಯ ಮೇಲಿದ್ದದ್ದು ಕಣ್ಣ ಮುಂದೆ ಬಂತು. "ಇಲ್ಲ ಮಾವ" ಎಂದೆ.

"ಇಲ್ವಾ?"

"ಇಲ್ಲ."

"ಹಾಗಾದ್ರೆ ಈ ಸಣ್ಣಮ್ಮಂದೇ ಕೆಲಸ." ಮಗುವಿನ ಕಡೆ ತಿರುಗಿದರು. "ನಿನ್ನೆ ಬೆಳಗ್ಗೆ ಇಲ್ಲಿ ಯಾಕೆ ಬಂದಿದ್ದೆ?"

"ಅಮ್ಮನ್ನ ಕರಿಯೋಕೆ ತಾತಾ. ಬಾಗಿಲ ಹತ್ರ ನಿಂತಿದ್ದೆ. ಮುಟ್ಟಲಿಲ್ಲ."

"ತಲೆಯಲ್ಲಿ ಎಣ್ಣೆ ಇತ್ತು ತಾನೇ?"

"ಇತ್ತು. ಆದ್ರೆ ನಾನು ಮುಟ್ಟಲಿಲ್ಲ. ಸತ್ಯವಾಗ್ಲೂ ಮುಟ್ಟಲಿಲ್ಲ. ಅಮ್ಮಾ, ಹೇಳು!"

ನಾನು ಅವಳ ತಲೆ ಮೇಲೆ ಕೈ ಇಟ್ಟೆ. "ಬಿಡಿ ಮಾವ, ಚಿಕ್ಕ ಹುಡುಗಿ, ಗೊತ್ತಿಲ್ಲದೆ ಆಗಿರುತ್ತೆ" ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಅವಳನ್ನು ಕಾಪಾಡುತ್ತಿದ್ದೇನೆ ಅಂತಲೇ ಆಗ ಅನಿಸಿತ್ತು.

ಮಾವ ಹೊಡೆಯಲಿಲ್ಲ. ಒಳಗೆ ಹೋಗಿ ಹಳೆಯ ವೇಷ್ಟಿ ಪಂಚೆಯ ಒಂದು ತುಂಡು ತಂದು ನನ್ನ ಕೈಗಿಟ್ಟರು. "ಇವಳ ಬಲಗೈಗೆ ಒಂದು ಚೀಲ ಹೊಲಿ. ಮಣಿಕಟ್ಟಿನ ಹತ್ರ ಕಟ್ಟೋಕೆ ನಾಡಾ ಇರಲಿ. ಸ್ಕೂಲಿಂದ ಬಂದಮೇಲೆ ಮಲಗೋವರೆಗೆ ಮನೇಲಿ ಅದು ಕೈಯಲ್ಲಿರಬೇಕು."

"ಎಷ್ಟು ದಿನ ಮಾವ?"

"ನನಗೆ ಸಾಕು ಅನ್ನಿಸೋವರೆಗೆ."

ಅವತ್ತು ಸಂಜೆಯೇ ಹೊಲಿದೆ. ದಾರದ ಅಂಚು ಉಗುರಿಗೆ ಉಜ್ಜದಿರಲಿ ಎಂದು ಹೊಲಿಗೆಯನ್ನು ಹೊರಗಡೆಗೆ ಮಡಚಿದೆ. ಬೆರಳು ಬಿಡಿಸಲು ಜಾಗ ಇರಲಿ ಎಂದು ಒಂದಿಂಚು ಅಗಲ ಬಿಟ್ಟೆ. ನಾಡಾ ಬಿಗಿಯಾಗಿ ಕೆಂಪಾಗದಿರಲಿ ಎಂದು ಬನಿಯನ್ ಬಟ್ಟೆಯದು ಹಾಕಿದೆ. ಆಷಾಢದ, ಅಂದರೆ ಇಲ್ಲಿನ ಆಡಿ ತಿಂಗಳ, ಗಾಳಿ ಬೀಸುತ್ತಿತ್ತು, ಬೀದಿಯ ಮಗ್ಗಗಳ ಸದ್ದು ಕೇಳಿಸುತ್ತಿತ್ತು. ನನ್ನ ಪಕ್ಕದಲ್ಲಿ ಕೂತು ಇಲಕ್ಕಿಯಾ ಮಿಷನ್ನಿನ ಸೂಜಿ ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದಳು. "ಅಮ್ಮಾ, ಹೂವಿನ ಬಟ್ಟೇಲಿ ಹೊಲಿಯೋಕೆ ಆಗಲ್ವಾ?" ಎಂದು ಕೇಳಿದಳು.

ಐದು ತಿಂಗಳು ನಡೆಯಿತು ಅದು.

ಊಟ ನಾನೇ ತಿನ್ನಿಸುತ್ತಿದ್ದೆ. ಮಾವ ಎದುರು ಕೂತು, "ರಾಣಿಯಮ್ಮನಿಗೆ ತುತ್ತು ನಡೀತಿದೆಯಾ?" ಎನ್ನುತ್ತಿದ್ದರು. ಹೋಂವರ್ಕು ಎಡಗೈಯಲ್ಲಿ ಬರೆಯಬೇಕಿತ್ತು. ಅಕ್ಷರ ಕೋಳಿ ಕೆದಕಿದ ಹಾಗಿದೆ, ಮನೆಯಲ್ಲಿ ಗಮನ ಕೊಡಿ ಎಂದು ಟೀಚರ್ ಡೈರಿಯಲ್ಲಿ ತಮಿಳಿನಲ್ಲಿ ಬರೆದು ಕಳಿಸಿದರು. ನಾನು ಸಹಿ ಹಾಕಿದೆ. ಎದುರುಮನೆ ಬೆಳ್ಳಿಯಮ್ಮ ತಿಣ್ಣೆಯಿಂದಲೇ ಕೂಗುತ್ತಿದ್ದಳು, "ಏನ್ ಪಾಪಾ, ಕೈಗೆ ಯಾಕೆ ಚಡ್ಡಿ ಹಾಕಿದಾರೆ? ನಾಚಿಕೆ ಆಗುತ್ತಾ ಅದಕ್ಕೆ?" ಬೀದಿಯ ಮಕ್ಕಳೆಲ್ಲ ನಗುತ್ತಿದ್ದರು. ಮೊದಲ ದಿನ ಇಲಕ್ಕಿಯಾಳೂ ನಕ್ಕಳು. ಎರಡನೆಯ ದಿನದಿಂದ ಆಟಕ್ಕೆ ಹೋಗಲಿಲ್ಲ.

ಮೋಹನ್‌ರಾಜ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಮಗಳ ಕೈಯ ಚೀಲವನ್ನು ತಿರುಗಿಸಿ ನೋಡಿದ.

"ಅಪ್ಪ ಹನ್ನೊಂದು ವಾರ ಬರೆದಿದ್ದು" ಎಂದ.

"ಏಳು ವರ್ಷ ರೀ ಅವಳಿಗೆ."

"ಮುಟ್ಟಿದ್ದು ತಪ್ಪು ತಾನೇ? ಎರಡು ವಾರ ಆದ್ರೆ ಅವರೇ ಮರೀತಾರೆ. ನೀನು ನಡುವೆ ಬಾಯಿ ಹಾಕಿ ದೊಡ್ಡದು ಮಾಡಬೇಡ."

ಆಗ ಅವನಿಗೆ ಹೇಳಬಹುದಿತ್ತು. "ಸಾಂಬಾರ್ ಹಾಕಲಾ?" ಎಂದು ಕೇಳಿದೆ.

ಮೊದಲ ಕೆಲವು ದಿನ ಇಲಕ್ಕಿಯಾ ಸಿಕ್ಕಸಿಕ್ಕವರಿಗೆಲ್ಲ ನಾನು ಮುಟ್ಟಲಿಲ್ಲ, ಮುಟ್ಟಲಿಲ್ಲ ಎನ್ನುತ್ತಿದ್ದಳು. ಆಮೇಲೆ ನಿಲ್ಲಿಸಿದಳು. ಒಂದು ದಿನ ಅವಳಿಗೆ ತಲೆಸ್ನಾನ ಮಾಡಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೂತಿದ್ದವಳು ಸೀಗೇಕಾಯಿ ನೊರೆಯ ಒಳಗಿಂದ ಹೇಳಿದಳು, "ಅಮ್ಮಾ, ನಾನೇ ಮುಟ್ಟಿರಬೇಕು. ನನಗೆ ಮರೆತುಹೋಗಿದೆ ಅಷ್ಟೆ."

"ಯಾಕೆ ಕಣ್ಣು ಹಾಗಂತೀಯಾ?"

"ಮತ್ತೆ ಯಾರು ಮುಟ್ಟಿದ್ದು? ತಾತ ಅಲ್ಲ, ನೀನಲ್ಲ. ನಾನೇ ತಾನೇ ಉಳಿದಿರೋದು?"

ನಾನು ಚೊಂಬಿನಲ್ಲಿ ನೀರು ಮೊಗೆದು ಅವಳ ತಲೆಗೆ ಸುರಿದೆ. ಮತ್ತೊಂದು ಚೊಂಬು ಸುರಿದೆ. ನೊರೆ ಹೋದ ಮೇಲೂ ಸುರಿಯುತ್ತಲೇ ಇದ್ದೆ. ಅವಳು ಹಾಗೆ ನಂಬಿದರೆ ಕಡೆಗೆ ನೋವಾದರೂ ಕಡಿಮೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ನನಗೆ ಅವತ್ತು ಎದೆ ಹಗುರಾಗಿತ್ತು.

ಹಾಳಾದ ಕಲ್ಲು ಅಂದರೂ ಮಾವ ಅದನ್ನು ಉಜ್ಜಿ ಹಾಕಲಿಲ್ಲ. ಒಂದೇ ಒಂದು ಕಾಗದ ತೆಗೆದು, ಕ್ಲಿಪ್ಪು ಹಾಕಿ ನಡುಮನೆಯ ಗೋಡೆಗೆ ನೇತುಹಾಕಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. "ಮರ ನಾನು ಬರೆದಿದ್ದು, ಕೈ ಮೊಮ್ಮಗಳದು. ನೋಡಿ, ಎಷ್ಟು ಒಳ್ಳೆ ಕೈಗುಣ." ಹಾಲಿನವನಿಗೂ ಹೇಳಿದರು. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದರು. ಇಲಕ್ಕಿಯಾ ಆ ಗೋಡೆಗೆ ಬೆನ್ನು ಹಾಕಿಕೊಂಡು ಓದಲು ಕೂರುತ್ತಿದ್ದಳು.

ಡಿಸೆಂಬರಿನಲ್ಲಿ, ಮಾರ್ಗಳಿ ತಿಂಗಳ ಚಳಿಗೆ, ಪದ್ಮಪ್ರಿಯಾ ಮೇಡಂ ಬಂದರು. ಕೊಯಮತ್ತೂರಿನಲ್ಲಿ ಹೊಸದಾಗಿ ಸಾರ್ವಜನಿಕ ಕಲಾಸಂಗ್ರಹ ಮಾಡುತ್ತಿದ್ದಾರೆ, ಅದಕ್ಕೆ ಹಳೆಯ ಮಿಲ್ ಚೀಟಿಗಳು ಬೇಕು ಎಂದು ಹುಡುಕಿಕೊಂಡು ಬಂದಿದ್ದರು. ಮಾವನ ಹತ್ತಿರ ಅರ್ಧ ಗಂಟೆ ತಮಿಳಿನಲ್ಲಿ ಮಾತಾಡಿದ ಮೇಲೆ, ನಾನು ಮಗಳಿಗೆ ಏನೋ ಹೇಳುವುದನ್ನು ಕೇಳಿ, "ಅಯ್ಯೋ, ನೀವೂ ಕನ್ನಡದವರೇ! ನಮ್ಮ ಮನೇಲೂ ಕನ್ನಡವೇ. ಮೂರು ತಲೆಮಾರಿಂದ ಕೊಯಮತ್ತೂರು, ಅಕ್ಷರ ಮಾತ್ರ ಓದೋಕೆ ಬರಲ್ಲ" ಎಂದು ನಕ್ಕರು. ಆಮೇಲೆ ಗೋಡೆ ನೋಡಿದರು. ಎದ್ದು ಹತ್ತಿರ ಹೋದರು.

"ಇದು ಯಾವಾಗ ಮಾಡಿದ್ದು ಸರ್?"

"ಆಡಿಯಲ್ಲಿ. ಅದು ಹಾಳಾದ್ದು" ಎಂದರು ಮಾವ.

"ಹಾಳಾದ್ದಾ? ಈ ಕೈ... ನೀರೊಳಗಿಂದ ಬೇರನ್ನ ಹಿಡಿಯೋಕೆ ಬರ್ತಿದೆ. ಮೈ ಜುಂ ಅಂತು ನನಗೆ. ನಿಮಗೆ ಹೇಗೆ ಹೊಳೀತು ಇದು?"

ಮಾವ ಎದ್ದು ಚಿತ್ರದ ಹತ್ತಿರ ಹೋದರು. ಅಷ್ಟರಲ್ಲಿ ಇಲಕ್ಕಿಯಾ ಎಡಗೈಯಲ್ಲಿ ನೀರಿನ ಲೋಟ ಹಿಡಿದು, ಬೀಳದ ಹಾಗೆ ಚೀಲದ ಕೈಯನ್ನು ಅದಕ್ಕೆ ಒತ್ತುಕೊಟ್ಟು ತಂದಳು.

"ಕೈಗೆ ಏನಾಯ್ತು ಪುಟ್ಟಿ?"

ಮಗು ನನ್ನನ್ನು ನೋಡಿತು. ನಾನು ಮಾವನನ್ನು ನೋಡಿದೆ.

"ಸುಟ್ಟುಕೊಂಡಿದಾಳೆ. ಒಲೆ ಹತ್ರ ಹೋಗಬೇಡ ಅಂದ್ರೆ ಕೇಳೋದಿಲ್ಲ" ಎಂದರು ಮಾವ. ನಂತರ ಮೇಡಂ ಕಡೆ ತಿರುಗಿ, "ಹೊಳೆಯಲ್ಲಿ ಮುಳುಗಿಹೋದವರ ಕೈ ಅದು. ಬೇಕಂತಲೇ ಮಸುಕಾಗಿ ಬಿಟ್ಟೆ" ಎಂದರು.

ಮೇಡಂ ಕಾರು ಬೀದಿ ದಾಟಿದ ಮೇಲೆ, "ಬಿಚ್ಚು" ಎಂದರು ಮಾವ ನನಗೆ, ಮಗಳ ಕೈಯ ಚೀಲ ತೋರಿಸಿ. ಅಷ್ಟೇ. ಸಂಜೆ ತಟ್ಟೆ ಹಾಕಿದೆ. ಇಲಕ್ಕಿಯಾ ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡು ಬಾಯಿ ತೆರೆದು ಕೂತಿದ್ದಳು. ನೀನೇ ತಿನ್ನು ಕಣ್ಣು ಎಂದರೆ ಅನ್ನ ಮುಟ್ಟಲಿಲ್ಲ. ಅವಳ ಅಂಗೈ ಬೆಳ್ಳಗೆ, ನೀರಲ್ಲಿ ನೆನೆದ ಹಾಗೆ ಮೆತ್ತಗಾಗಿತ್ತು.

ಮೇಡಂ ಸಂಗ್ರಹಕ್ಕೆ ಒಂದನ್ನು ಕೇಳಿದ್ದರು, ಆ ವಾರದಲ್ಲಿ ಮಾವ ಗೋಡೆಯದೂ ಸೇರಿ ಹತ್ತಾಗುವಷ್ಟು ಪ್ರತಿ ತೆಗೆದರು. ಪೆನ್ಸಿಲ್ಲಿನಲ್ಲಿ ಸಹಿ ಹಾಕಿ, ಹತ್ತರಲ್ಲಿ ಒಂದು, ಹತ್ತರಲ್ಲಿ ಎರಡು ಎಂದು ಬರೆದರು. ಪ್ರತಿಗಳು ಮುಗಿದ ಮೇಲೆ ಕಲ್ಲನ್ನು ಬರಿದು ಮಾಡಬೇಕು. ಹನ್ನೊಂದನೆಯದು ಯಾರೂ ತೆಗೆಯಬಾರದು, ಅದು ಈ ಕೆಲಸದ ನಿಯಮ. ಮರಳಿನಂಥ ಪುಡಿ, ನೀರು ಹಾಕಿ, ಇನ್ನೊಂದು ಕಲ್ಲಿನಿಂದ ಸುತ್ತಿಸಿ ಸುತ್ತಿಸಿ ಉಜ್ಜುವುದು ಯಾವಾಗಲೂ ನನ್ನ ಕೆಲಸ. ಎಲೆ ಹೋಯಿತು, ಕೊಂಬೆ ಹೋಯಿತು, ಬೇರು ಹೋಯಿತು. ಎಣ್ಣೆ ಕಲ್ಲಿನ ಆಳಕ್ಕೆ ಇಳಿದಿತ್ತು. ಕೈ ಮಾತ್ರ ಕಂದು ನೆರಳಾಗಿ ಉಳಿಯಿತು. ಎರಡು ದಿನ ಉಜ್ಜಿದೆ. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಚೆನ್ನಾಗಿ ಉಜ್ಜು. ನಿನಗಿಂತ ಚೆನ್ನಾಗಿ ಅದನ್ನ ಯಾರು ಉಜ್ತಾರೆ" ಎಂದರು. ಹೊಗಳುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ಇಲಕ್ಕಿಯಾ ಬೆಳೆದಳು. ಯಾರ ಮನೆಗೆ ಹೋದರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಎಷ್ಟು ವಿನಯದ ಹುಡುಗಿ ಎಂದು ನೆಂಟರು ಮೆಚ್ಚುತ್ತಾರೆ. ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವುದಿಲ್ಲ. ಚಿತ್ರ ಬರೆಯುವ ಪೀರಿಯಡ್ಡಿನಲ್ಲಿ ತಲೆನೋವು ಅನ್ನುತ್ತಾಳೆ. ಕೆಲವು ಸಲ ನಾನು ತರಕಾರಿ ಹೆಚ್ಚುವಾಗ ಎದುರು ಬಂದು ಕೂತು, ನನ್ನ ಕೈಯನ್ನೇ ನೋಡಿ, ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು. ನಾನು ಬೇಗ, "ಕಣ್ಣು, ಹಿತ್ತಲಿಂದ ಎರಡು ಎಸಳು ಕರಿಬೇವು ತಾ" ಎನ್ನುತ್ತಿದ್ದೆ. ತರುತ್ತಿದ್ದಳು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕೇಳಬೇಕು ಅನ್ನುವುದು ಹೋಗಿರುತ್ತಿತ್ತು. ನಮ್ಮ ಮನೆಯಲ್ಲಿ ಕರಿಬೇವು ಯಾವತ್ತೂ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತಿತ್ತು.

ಈ ವರ್ಷ ಪೊಂಗಲ್ ಮುಗಿದು, ತೈ ತಿಂಗಳಲ್ಲಿ, ಆ ಸಂಗ್ರಹವನ್ನು ಜನರಿಗೆ ತೆರೆದರು. ಮಾವನ ಮರುದ ಮರವನ್ನು ಹಾಕಿದ್ದಾರೆ, ಮನೆಯವರೆಲ್ಲ ಬನ್ನಿ ಎಂದು ಮೇಡಂ ಫೋನ್ ಮಾಡಿದರು. ಮೋಹನ್‌ರಾಜ್‌ಗೆ ರಜೆ ಸಿಗಲಿಲ್ಲ. ನಾವು ಮೂವರು ಬೆಳಗ್ಗೆ ಬಸ್ ಹತ್ತಿದೆವು. ಮಾವ ಹೊಸ ವೇಷ್ಟಿ ಉಟ್ಟು ಕಿಟಕಿ ಹತ್ತಿರ ಕೂತಿದ್ದರು. ನನ್ನ ತವರೂರು ಕಿಣತ್ತುಕಡವು ಬಂದಾಗ ನನ್ನ ಕಡೆ ತಿರುಗಿ, "ಇಳೀತೀಯಾ?" ಎಂದು ನಕ್ಕರು. ನಾನೂ ನಕ್ಕೆ.

ದೊಡ್ಡ ಹಾಲು, ಬಿಳಿ ಗೋಡೆ, ತಣ್ಣನೆಯ ಗಾಳಿ. ಹಳೆಯ ಮಿಲ್ ಚೀಟಿಗಳು ಒಂದು ಕಡೆ. ಎದುರುಗೋಡೆಯ ನಡುವೆ, ಗಾಜಿನ ಒಳಗೆ, ದೀಪದ ಕೆಳಗೆ, ನಮ್ಮ ಮರ. ಪಕ್ಕದಲ್ಲಿ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಚೀಟಿ: ಚೆನ್ನಿಯಪ್ಪನ್, ಅಮರಾವತಿ ದಂಡೆ, ಲಿಥೋಗ್ರಾಫ್, ಹತ್ತರಲ್ಲಿ ಒಂದು. ಕಾಲೇಜು ಮಕ್ಕಳು ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಮೇಡಂ ಮಾವನನ್ನು ಮುಂದೆ ಕರೆದು ಮಾತಾಡಿಸಿದರು. ಮಾವ ತಮಿಳಿನಲ್ಲಿ ಹೇಳಿದರು: ಮರವನ್ನು ಯಾರು ಬೇಕಾದರೂ ಬರೆಯಬಹುದು, ಆ ಕೈಯನ್ನು ಬರೆಯಲು ಒಂದು ಜೀವಮಾನ ಬೇಕಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇಲಕ್ಕಿಯಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಾತನನ್ನು ನೋಡುತ್ತಿದ್ದಳು. ಮೊಮ್ಮಗಳ ಕೈಗುಣ ಎಂದು ಹಾಲಿನವನಿಗೆ ಹೇಳಿದ್ದು ಅವಳಿಗೆ ನೆನಪಿರದೆ ಇರುತ್ತದೆಯೇ?

ಗುಂಪು ಮುಂದಿನ ಗೋಡೆಗೆ ಸರಿಯಿತು. ಮೇಡಂ ಅವರ ಜೊತೆ ಹೋದರು. ಮಾವ ಅಲ್ಲಿದ್ದ ಬೆಂಚಿನ ಮೇಲೆ ಕೂತು ಕಾಲು ಚಾಚಿದರು. ಇಲಕ್ಕಿಯಾ ಚಿತ್ರದ ಹತ್ತಿರ ಹೋದಳು. ಬಲಗೈಯನ್ನು ಬೆನ್ನ ಹಿಂದಿನಿಂದ ತೆಗೆದು ಮೇಲೆತ್ತಿದಳು.

"ಪಾಪಾ, ತೊಡಕ್ಕೂಡಾದು" ಎಂದ ಕಾವಲಿನವನು.

"ಮುಟ್ಟಲ್ಲ ಅಣ್ಣಾ" ಎಂದು ತಮಿಳಿನಲ್ಲೇ ಹೇಳಿ, ಗಾಜಿನಿಂದ ಒಂದಿಂಚು ಈಚೆ ಅಂಗೈಯನ್ನು ಬಿಡಿಸಿ ಹಿಡಿದಳು. ಹನ್ನೊಂದು ವರ್ಷದವಳ ಕೈ. ಅವಳ ಬೆರಳುಗಳ ಆಚೆಗೆ ಆ ಕೈಯ ಬೆರಳುಗಳು ಒಂದು ಗೆಣ್ಣಿನಷ್ಟು ಉದ್ದಕ್ಕೆ ಕಾಣುತ್ತಿದ್ದವು. ಸುತ್ತಲೂ ಕಪ್ಪು ಉಳಿದಿತ್ತು. ಅವಳು ಬೆರಳನ್ನು ಇನ್ನಷ್ಟು ಅಗಲಿಸಿದಳು. ಆದರೂ ಸಾಲಲಿಲ್ಲ.

"ತಾತಾ" ಎಂದಳು, ತಿರುಗದೆ. ನಮ್ಮ ಕನ್ನಡದಲ್ಲಿ.

"ಏನಮ್ಮಾ?"

"ಕಲ್ಲಿನ ಮೇಲೆ ಇರೋದು ಕಾಗದದಲ್ಲಿ ಉಲ್ಟಾ ಬರುತ್ತೆ ತಾನೇ?"

"ಹೌದು."

"ಇಲ್ಲಿ ಬಲಗೈ ಕಾಣ್ತಿದೆ. ಅಂದ್ರೆ ಕಲ್ಲಿನ ಮೇಲೆ ಇಟ್ಟಿದ್ದು ಎಡಗೈ."

ಮಾವ ಬೆಂಚಿನ ಮೇಲೆ ಮುಂದಕ್ಕೆ ಬಗ್ಗಿದರು. ಅವರ ಮುಖದಲ್ಲಿ ಖುಷಿ ಕಂಡಿತು. ಮೊಮ್ಮಗಳ ಬಗ್ಗೆ ಅವರಿಗೆ ಖುಷಿಯಾದದ್ದನ್ನು ನಾನು ಮೊದಲ ಸಲ ನೋಡಿದೆ.

"ಪರವಾಗಿಲ್ವೇ! ನನ್ನ ರಕ್ತ. ನಿಮ್ಮಪ್ಪನಿಗೆ ಇವತ್ತಿಗೂ ತಿಳಿದಿಲ್ಲ." ನನ್ನ ಕಡೆ ತಿರುಗಿದರು. ದನಿ ತಗ್ಗಿಸಲಿಲ್ಲ, ಸುತ್ತ ಇದ್ದವರಿಗೆ ನಮ್ಮ ಕನ್ನಡ ಅರ್ಥವಾಗುವ ಹಾಗಿರಲಿಲ್ಲ. "ಏಳು ವರ್ಷದ ಮಗುವಿನ ಕೈ ಎಷ್ಟಿರುತ್ತೆ ಅಂತ ನನಗೆ ತಿಳಿಯಲ್ವಾ ಸರಣ್ಯಾ? ಜೀವನಪೂರ್ತಿ ಕಣ್ಣಲ್ಲೇ ಅಳೆದವನು ನಾನು. ಶಾಯಿ ಎದ್ದಾಗಲೇ ಗೊತ್ತಾಯ್ತು. ಅದಕ್ಕೇ ಮೊದಲು ನಿನ್ನ ಕೇಳಿದ್ದು."

ನಾನು ಇಲಕ್ಕಿಯಾಳ ಬೆನ್ನು ನೋಡಿದೆ.

"ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಅಂದೆ. ಸರಿ, ಎಷ್ಟು ದಿನ ಇಲ್ಲ ಅಂತಾಳೆ ನೋಡೋಣ ಅಂತ ಇದ್ದೆ. ಚೀಲ ಹೊಲಿ ಅಂದಾಗ ಹೇಳ್ತೀಯಾ ಅಂದ್ಕೊಂಡೆ. ಹೊಲಿಗೆ ಹೊರಗೆ ಮಡಚಿ ನೀಟಾಗಿ ಹೊಲಿದು ತಂದೆ. ಒಂದು ವಾರ ತಡೀಬಹುದು ಅಂದ್ಕೊಂಡೆ." ತಲೆ ಆಡಿಸಿ ನಕ್ಕರು. "ಭಾರೀ ಗಟ್ಟಿ ಹೆಂಗಸು ನೀನು. ನಾನಾಗಿದ್ರೆ ತಡೀತಿರಲಿಲ್ಲ."

"ಮಾವ, ನೀವು ಮಗುವನ್ನ..."

"ನಾನು ಏನು ಮಾಡಿದೆ? ಒಂದು ಮಾತು ನೀನು ಹೇಳಿದ್ದಿದ್ರೆ ಅವತ್ತೇ ಚೀಲ ಬಿಚ್ಚಿಸ್ತಿದ್ದೆ." ಮಂಡಿ ಮೇಲೆ ಕೈಯೂರಿ ಎದ್ದರು. "ಮೇಡಂ ಟೀ ಕೊಡಿಸ್ತೀನಿ ಅಂದಿದಾರೆ. ಬೇಕಾದ್ರೆ ಬನ್ನಿ" ಎಂದು ವೇಷ್ಟಿ ಕೊಡವಿಕೊಂಡು ಹೊರಟರು.

ಇಲಕ್ಕಿಯಾ ಇನ್ನೂ ಗಾಜಿನ ಮುಂದೆಯೇ ನಿಂತಿದ್ದಳು. ಕೈ ಕೆಳಗಿಳಿಸಿದ್ದಳು, ಆದರೆ ಬೆನ್ನ ಹಿಂದೆ ಕಟ್ಟಿಕೊಂಡಿರಲಿಲ್ಲ. ತಿರುಗಿ ನನ್ನ ಹತ್ತಿರ ಬಂದಳು. ನನ್ನ ಭುಜಕ್ಕೆ ಬರುತ್ತಾಳೆ ಈಗ. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಅವಳಿಗೆ ಏನಾದರೂ ಕೆಲಸ ಹೇಳಬೇಕು, 'ತಾತನ ಜೊತೆ ಹೋಗು, ನೀರಿನ ಬಾಟಲಿ ತುಂಬಿಸಿಕೊಂಡು ಬಾ' ಎನ್ನಬೇಕು ಅನಿಸಿತು. ಬಾಯಿಯನ್ನೂ ತೆರೆದೆ. ಅವಳು ನನ್ನ ಎಡಗೈಯನ್ನು ಹಿಡಿದುಕೊಂಡು ಅಂಗೈ ಮೇಲೆ ಮಾಡಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಮ್ಮಾ, ಅಷ್ಟು ದಿನಾನೂ ನಿನಗೆ ಗೊತ್ತಿತ್ತಾ?"